ಮುಚ್ಚಳಿಕೆ ಬರೆದುಕೊಟ್ಟ ರಾಯಭಾರಿ

ರಾಯಭಾರವೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮ ನಾಡಿನವರ ಮನಸ್ಸಿಗೆ ಮೊದಲು ಬರುವವನು ಶ್ರೀಕೃಷ್ಣನು. ಪಾಂಡವರ ಪರವಾಗಿ ಹಸ್ತಿನಾವತಿಗೆ ಹೋಗಿ, ಕಡೆಗೆ ಐದೇ ಐದು ಊರುಗಳನ್ನು ಬೇಡಿ, ಅವೂ ದೊರೆಯದೆ ಬರಿಗೈಯಲ್ಲಿ ಹಿಂದಿರುಗಿದ ಆ ದೂತನ ಕಥೆಯನ್ನು ನಾವು ಬಾಲ್ಯದಲ್ಲಿ ಬಯಲಾಟದ ಕಟ್ಟೆಯ ಮುಂದೆ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ತೂಕಡಿಸುತ್ತ ತೂಕಡಿಸುತ್ತಲೇ ಕೇಳಿದ್ದೇವೆ. ಲಂಕೆಗೆ ಹೋದ ಹನುಮಂತನೂ ದೂತನೇ, ಅಂಗದನೂ ದೂತನೇ. ಆದರೆ ಈ ಸಾಲಿನಲ್ಲಿ ಹೆಣ್ಣೊಬ್ಬಳು ಇದ್ದಾಳೆಯೇ ಎಂದು ನಾವು ಎಂದೂ ಕೇಳಿಕೊಂಡವರಲ್ಲ. ಆ ಪ್ರಶ್ನೆಯನ್ನು ನಮಗೆ ಕೇಳಿದವಳು ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ.

ಮುರಗಾಂವ ತಾಲೂಕಿನ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನಾವು ಪಾಠ ಹೇಳುತ್ತೇವೆ. ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ವಿಜಾಪುರ, ಬಾಗಲಕೋಟೆ, ಗದಗ, ಬೆಳಗಾವಿಗಳ ಕಡೆಯಿಂದ ಕೂಲಿಯನ್ನರಸಿ ಇಲ್ಲಿಗೆ ಬಂದವರು. ಬಂದರಿನಲ್ಲಿ, ಕಟ್ಟಡಗಳಲ್ಲಿ, ಮೀನಿನ ಪೇಟೆಯಲ್ಲಿ, ಕಂಡವರ ಮನೆಯ ಮುಸುರೆಯಲ್ಲಿ ದುಡಿಯುವವರು. ಒಂದು ದಿನ ಸಾಮಾನ್ಯ ಜ್ಞಾನದ ತಾಸಿನಲ್ಲಿ ರಾಷ್ಟ್ರಪತಿ, ರಾಜ್ಯಪಾಲ, ರಾಯಭಾರಿ ಎಂಬ ಪದಗಳ ಅರ್ಥವನ್ನು ಹೇಳುತ್ತಿದ್ದೆವು. “ರಾಯಭಾರಿಯೆಂದರೆ ನಮ್ಮ ದೇಶದ ಪರವಾಗಿ ಬೇರೆ ದೇಶದಲ್ಲಿ ಮಾತನಾಡುವವನು” ಎಂದು ಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನಿಂದ ಆ ಹುಡುಗಿಯು ಎದ್ದು ನಿಂತು, “ಅಕ್ಕೋರ, ಮಾತಾಡಾವ ಅಂತ ಬರದೀರಿ. ಮಾತಾಡಾಕಿ ಇರೂದಿಲ್ಲೇನ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಕೈಯಲ್ಲಿದ್ದ ಸೀಮೆಸುಣ್ಣವು ಅಲ್ಲಿಯೇ ನಿಂತಿತು. ಒಂಬತ್ತು ವರ್ಷದ ಮಗುವು ನಮ್ಮ ವ್ಯಾಕರಣದಲ್ಲಿ ಒಂದು ದೋಷವನ್ನು ಹಿಡಿದಿತ್ತು. ಅದು ವ್ಯಾಕರಣದ ದೋಷ ಮಾತ್ರವಾಗಿರಲಿಲ್ಲ.

“ಇರುತ್ತಾರಮ್ಮ, ನಮ್ಮ ಕೊಡಗಿನವರೇ ಒಬ್ಬರು ಇದ್ದರು. ನಾಳೆ ಹೇಳುತ್ತೇನೆ” ಎಂದು ಆ ಹೊತ್ತಿಗೆ ತಪ್ಪಿಸಿಕೊಂಡೆವು. ಹೆಸರೊಂದನ್ನು ಬಿಟ್ಟರೆ ನಮಗೆ ಆಗ ಹೆಚ್ಚೇನೂ ತಿಳಿದಿರಲಿಲ್ಲ. ಮಕ್ಕಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲೆಂದು ಓದತೊಡಗಿದ ನಾವು ಕಡೆಗೆ ನಮ್ಮದೇ ಒಂದು ಹಳೆಯ ಗಾಯದ ಬಳಿಗೆ ಬಂದು ನಿಂತೆವು. ಆ ಓದಿನ ಫಲವನ್ನೂ ಆ ಗಾಯದ ಸಂಗತಿಯನ್ನೂ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು 1924ರ ಜನವರಿ 24ರಂದು ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದರು. ತಂದೆಯವರು ಅರಣ್ಯ ಇಲಾಖೆಯ ಅಧಿಕಾರಿಗಳಾಗಿದ್ದರು. ಮುತ್ತಮ್ಮನವರಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆಯವರು ತೀರಿಕೊಂಡರು. ಉಳಿದವರು ತಾಯಿ ಮತ್ತು ನಾಲ್ವರು ಮಕ್ಕಳು. ಗಂಡನಿಲ್ಲದ ಮನೆಯಲ್ಲಿ ಮೊದಲು ಕಡಿತಗೊಳ್ಳುವುದು ಹೆಣ್ಣುಮಕ್ಕಳ ಓದು ಎಂಬುದನ್ನು ಯಾವ ಶಿಕ್ಷಕರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ತಾಯಿಯು ನಾಲ್ವರನ್ನೂ ಓದಿಸುವುದನ್ನೇ ತಮ್ಮ ಬಾಳಿನ ವ್ರತವನ್ನಾಗಿ ಮಾಡಿಕೊಂಡರು. ಮಗಳು ಮಡಿಕೇರಿಯ ಸಂತ ಜೋಸೆಫರ ಬಾಲಿಕಾ ಶಾಲೆಯಲ್ಲಿ ಕಲಿತು, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಿನ್ನದ ಪದಕಗಳೊಡನೆ ಪದವಿ ಪಡೆದು, ಅಲ್ಲಿಯದೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮುಗಿಸಿದರು.

ದೇಶವು ಆಗ ತಾನೇ ಸ್ವತಂತ್ರವಾಗಿತ್ತು. ಭಾರತದ ವಿದೇಶಾಂಗ ಸೇವೆಯೆಂಬುದನ್ನು ಸ್ಥಾಪಿಸುವ ನಿರ್ಧಾರವಾದದ್ದು 1946ರ ಅಕ್ಟೋಬರದಲ್ಲಿ. ಅಂದರೆ ಅದಿನ್ನೂ ಹಾಲುಗಲ್ಲದ ಕೂಸು. ಶ್ರೀಮತಿ ವಿಜಯಲಕ್ಷ್ಮೀ ಪಂಡಿತರು 1947ರಲ್ಲಿಯೇ ಮಾಸ್ಕೋ ನಗರಕ್ಕೆ ರಾಯಭಾರಿಯಾಗಿ ಹೋಗಿದ್ದರೆಂಬುದು ನಿಜ. ಆದರೆ ಅವರು ಸ್ವಾತಂತ್ರ್ಯ ಚಳವಳಿಯ ನಾಯಕಿ, ಪ್ರಧಾನಿಯವರ ಸೋದರಿ. ಸರಕಾರವು ನೇರವಾಗಿ ನೇಮಿಸಿ ಕಳುಹಿಸಿದವರು. ಪರೀಕ್ಷೆಗೆ ಕುಳಿತು, ಮೆಟ್ಟಲು ಮೆಟ್ಟಲಾಗಿ ಏರಿ ಆ ಪದವಿಗೆ ಹೋಗುವ ದಾರಿಯಲ್ಲಿ ಹೆಣ್ಣಿನ ಹೆಜ್ಜೆ ಅದುವರೆಗೆ ಬಿದ್ದಿರಲಿಲ್ಲ. ಮುತ್ತಮ್ಮನವರು 1948ರಲ್ಲಿ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆಯಾದರು.

ಸೇರುವುದೇನೂ ಸುಲಭವಾಗಿರಲಿಲ್ಲ. ಸಂದರ್ಶನಕ್ಕೆ ಕುಳಿತ ಹಿರಿಯರು, ಈ ಸೇವೆಯು ಹೆಂಗಸರಿಗೆ ತಕ್ಕುದಲ್ಲ, ಬೇರೊಂದನ್ನು ಆರಿಸಿಕೊಳ್ಳಿರೆಂದು ಅವರ ಮನಸ್ಸನ್ನು ತಿರುಗಿಸಲು ನೋಡಿದರು. ಅವರು ತಿರುಗಲಿಲ್ಲ. ಆಗ ಸರಕಾರವು ಅವರಿಂದ ಒಂದು ಮುಚ್ಚಳಿಕೆಯನ್ನು ಬರೆಯಿಸಿಕೊಂಡಿತು: ಮದುವೆಯಾದಲ್ಲಿ ನೌಕರಿಗೆ ರಾಜೀನಾಮೆ ಕೊಡತಕ್ಕದ್ದು. ಅವರು ಸಹಿ ಹಾಕಿದರು. ಜೊತೆಯಲ್ಲಿ ಸೇರಿದ ಗಂಡಸರಿಗೆ ಇಂಥ ಕಾಗದವಿರಲಿಲ್ಲ. ಅವರು ಮದುವೆಯಾಗಬಹುದಿತ್ತು, ಮಕ್ಕಳನ್ನು ಹಡೆಯಬಹುದಿತ್ತು, ಸಂಸಾರವನ್ನು ಹಡಗಿನಲ್ಲಿ ಹೇರಿಕೊಂಡು ಪರದೇಶಕ್ಕೆ ಒಯ್ಯಬಹುದಿತ್ತು.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಏಕೆಂದರೆ ನಾವೂ ಮುಚ್ಚಳಿಕೆ ಬರೆದುಕೊಟ್ಟವರೇ.

ಶಿಕ್ಷಕರ ತರಬೇತಿಯ ಪ್ರಮಾಣಪತ್ರವನ್ನು ಹಿಡಿದುಕೊಂಡು ಹೊರಬಿದ್ದಾಗ ನಮಗೆ ಇಪ್ಪತ್ತೆರಡು ವರ್ಷ. ಬಯಲುಸೀಮೆಯ ಒಂದು ಊರಿನ ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಕರೆದರು. ಊರಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಹೇಳಬೇಕಾದುದಿಲ್ಲ. ಮೇಜಿನ ಆಚೆ ಕುಳಿತವರು ನಮ್ಮ ಪಾಠದ ಬಗೆಗೆ ಎರಡು ಮಾತು ಕೇಳಿ, ಮೂರನೆಯದಾಗಿ, “ಮದುವೆ ಯಾವಾಗ?” ಎಂದು ಕೇಳಿದರು. ಮೂರು ವರ್ಷ ಮದುವೆಯಾಗುವುದಿಲ್ಲವೆಂದು ಬರೆದುಕೊಟ್ಟರೆ ಕೆಲಸ. ಇಲ್ಲವಾದರೆ ಹೊರಗೆ ಇನ್ನೂ ಆರು ಜನ ಕಾದಿದ್ದಾರೆ. ಮನೆಯಲ್ಲಿ ತಮ್ಮನ ಓದು ನಮ್ಮ ಸಂಬಳಕ್ಕಾಗಿ ಕಾದಿತ್ತು. ನಾವು ಬರೆದುಕೊಟ್ಟೆವು. ಎರಡನೆಯ ವರ್ಷದ ಬೇಸಿಗೆಯಲ್ಲಿ ಮದುವೆಯಾದೆವು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ತಾಳಿಯನ್ನು ರವಿಕೆಯೊಳಗೆ ಸರಿಸಿ, ಸೆರಗನ್ನು ಕತ್ತಿನವರೆಗೆ ಎಳೆದುಕೊಂಡು, ಕಾಲುಂಗುರಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಪಾಠಕ್ಕೆ ಹೋದೆವು. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತ ಕತ್ತಿನಲ್ಲಿ ಸುಳ್ಳನ್ನು ಕಟ್ಟಿಕೊಂಡು ನಿಂತ ಆ ಮೂವತ್ತು ದಿನಗಳನ್ನು ನಾವು ಮರೆತಿಲ್ಲ. ಒಂದು ದಿನ ಗೊತ್ತಾಯಿತು, ಕೆಲಸ ಹೋಯಿತು. ಒಂದು ಮಾತನ್ನೂ ಆಡದೆ ಮನೆಗೆ ಬಂದೆವು. ತರುವಾಯ, ಬಂದರಿನಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರೊಡನೆ ಗೋವೆಗೆ ಬಂದು, ಇಲ್ಲಿ ಮತ್ತೆ ಸೀಮೆಸುಣ್ಣವನ್ನು ಹಿಡಿದೆವು.

ಹೀಗಿರಲು, ಮುತ್ತಮ್ಮನವರ ಮುಂದಿನ ಬಾಳನ್ನು ನಾವು ಬರಿಯ ಸಾಮಾನ್ಯ ಜ್ಞಾನಕ್ಕೆಂದು ಓದುವುದು ಸಾಧ್ಯವಾಗಲಿಲ್ಲ. ಅವರು ಏನು ಮಾಡಿದರು, ನಾವು ಏನು ಮಾಡದೆ ಹೋದೆವು ಎಂಬ ಲೆಕ್ಕವು ಪುಟಪುಟಕ್ಕೂ ಎದುರು ನಿಂತಿತು.

ಅವರ ಮೊದಲ ನೇಮಕವು ಪ್ಯಾರಿಸಿನಲ್ಲಿ ಆಯಿತು. ಮುಂದೆ ರಂಗೂನ್, ಲಂಡನ್ ಮುಂತಾದೆಡೆಗಳಲ್ಲಿಯೂ ದಿಲ್ಲಿಯ ಸಚಿವಾಲಯದಲ್ಲಿಯೂ ಕೆಲಸ ಮಾಡಿದರು. ಮಗ್ಗುಲ ಕೋಣೆಯಲ್ಲಿ ಕುಳಿತು ಪತ್ರಗಳನ್ನು ಓದುವುದು, ಆ ದೇಶದ ಒಳಗನ್ನು ಅರಿಯುವುದು, ಅರಿತದ್ದನ್ನು ಅತ್ತಿತ್ತ ಬಾಗದೆ ತನ್ನ ಸರಕಾರಕ್ಕೆ ಬರೆಯುವುದು, ಪರದೇಶದಲ್ಲಿ ಸಿಕ್ಕಿಬಿದ್ದ ತನ್ನವರಿಗೆ ನೆರವಾಗುವುದು—ಇವೇ ಈ ಸೇವೆಯ ನಿತ್ಯದ ಕೆಲಸಗಳು. ಔತಣಕೂಟಗಳು ಇದರ ಹೊರಮೈ ಮಾತ್ರ. ದೂತರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಗೋವೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೋವೆಯ ಪ್ರಶ್ನೆಯನ್ನು ಮಾತಿನಿಂದ ಬಗೆಹರಿಸಲು ಪೋರ್ತುಗಾಲವು ಒಪ್ಪದಿದ್ದಾಗ ಭಾರತವು 1953ರಲ್ಲಿ ಲಿಸ್ಬನ್ ನಗರದ ತನ್ನ ದೂತಾವಾಸವನ್ನು ಮುಚ್ಚಿತು. 1955ರಲ್ಲಿ ಸಂಬಂಧವೇ ಕಡಿದುಹೋಯಿತು. ಗೋವೆಯು 1961ರ ಡಿಸೆಂಬರ್ 19ರಂದು ವಿಮೋಚನೆ ಹೊಂದಿದರೂ, ಎರಡು ದೇಶಗಳು ಮತ್ತೆ ಕೈಕುಲುಕಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು. ಮಾತು ನಿಂತುಹೋದರೆ ಅದನ್ನು ಮತ್ತೆ ಆರಂಭಿಸಲು ಎಷ್ಟು ವರ್ಷಗಳು ಬೇಕೆಂಬುದಕ್ಕೆ ಈ ನೆಲವೇ ಸಾಕ್ಷಿ.

ಆ 1961ನೆಯ ಇಸವಿಯಲ್ಲಿಯೇ ಇನ್ನೆರಡು ಸಂಗತಿಗಳು ನಡೆದವು. ರಾಯಭಾರಿಗಳ ಹಕ್ಕುಬಾಧ್ಯತೆಗಳನ್ನು ಜಗತ್ತಿನ ದೇಶಗಳು ವಿಯೆನ್ನಾ ನಗರದಲ್ಲಿ ಒಂದು ಒಡಂಬಡಿಕೆಯಾಗಿ ಬರೆದವು. ದೂತನ ಮೈಮುಟ್ಟಬಾರದೆಂಬ, ಹನುಮಂತನ ಬಾಲಕ್ಕೆ ಬೆಂಕಿಯಿಟ್ಟಾಗ ರಾವಣನು ಮುರಿದ ಆ ಹಳೆಯ ಧರ್ಮವು ಹೀಗೆ ಜಗತ್ತಿನ ಕಾನೂನಾಯಿತು. ಅದೇ ವರ್ಷ ನಮ್ಮ ಸರಕಾರವು ವಿದೇಶಾಂಗ ಸೇವೆಗೆ ಹೊಸ ನಿಯಮಗಳನ್ನು ಮಾಡಿತು. ಅವುಗಳಲ್ಲಿ ಒಂದು ಹೀಗಿತ್ತು: ಈ ಸೇವೆಯಲ್ಲಿರುವ ಹೆಣ್ಣು ಮದುವೆಗೆ ಮುಂಚೆ ಸರಕಾರದ ಲಿಖಿತ ಅಪ್ಪಣೆಯನ್ನು ಪಡೆಯಬೇಕು, ಮದುವೆಯಾದ ಮೇಲೆ ಮನೆಯ ಹೊಣೆಗಾರಿಕೆಗಳು ಅವಳ ಕರ್ತವ್ಯಕ್ಕೆ ಅಡ್ಡಿಯಾದಾವೆಂದು ಸರಕಾರಕ್ಕೆ ತೋರಿದರೆ ಅವಳಿಂದ ಯಾವಾಗಲಾದರೂ ರಾಜೀನಾಮೆಯನ್ನು ಕೇಳಬಹುದು. ಇನ್ನೊಂದು ಹೀಗಿತ್ತು: ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ. ಮುತ್ತಮ್ಮನವರು ಸಹಿ ಹಾಕಿದ ಮುಚ್ಚಳಿಕೆಯಾದರೂ ಸಂವಿಧಾನಕ್ಕಿಂತ ಮುಂಚಿನದು ಎನ್ನಬಹುದು. ಈ ನಿಯಮಗಳಾದರೋ, ಗಂಡುಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂಬ ಸಂವಿಧಾನವು ಜಾರಿಗೆ ಬಂದು ಹನ್ನೊಂದು ವರ್ಷಗಳಾದ ಮೇಲೆ ಬಂದವು.

ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. ಮುಚ್ಚಳಿಕೆಯ ದೆಸೆಯಿಂದಲೇ ಹಾಗೆ ಉಳಿದರೆಂದು ನಾವು ಹೇಳಲಾರೆವು. ಒಬ್ಬರ ಅಂತರಂಗದ ಬಾಗಿಲನ್ನು ತಟ್ಟುವ ಅಧಿಕಾರ ನಮಗಿಲ್ಲ. ಅವರು 1970ರಲ್ಲಿ ಹಂಗೇರಿ ದೇಶಕ್ಕೆ ರಾಯಭಾರಿಯಾಗಿ ನೇಮಕಗೊಂಡರು. ಹೀಗೆ ಸೇವೆಯ ಒಳಗಿನಿಂದಲೇ ಮೇಲೇರಿ ಭಾರತದ ರಾಯಭಾರಿಯಾದ ಮೊದಲ ಮಹಿಳೆಯವರು. ಒಬ್ಬ ರಾಯಭಾರಿಯು ತನ್ನ ರಾಷ್ಟ್ರಪತಿಯ ವಿಶ್ವಾಸಪತ್ರವನ್ನು ಪರದೇಶದ ಮುಖ್ಯಸ್ಥನ ಕೈಗೆ ಒಪ್ಪಿಸಿದ ಮೇಲೆಯೇ ಅವನ ಕಾರ್ಯವು ಆರಂಭವಾಗುವುದು. ವಿಶ್ವಾಸಪತ್ರ! ಪರದೇಶದವರ ಮುಂದೆ ಸರಕಾರವು ಯಾರ ಮಾತನ್ನು ನಂಬಿರೆಂದು ಬರೆದುಕೊಟ್ಟಿತೋ, ಅದೇ ಹೆಣ್ಣಿನ ಮೇಲೆ ಅದೇ ಸರಕಾರದ ನಿಯಮಾವಳಿಯು ಸಂಶಯವನ್ನು ಬರೆದಿಟ್ಟಿತ್ತು.

ಮುಂದೆ ಆಫ್ರಿಕದ ಘಾನಾ ದೇಶದಲ್ಲಿಯೂ ಅವರು ಭಾರತದ ಪ್ರತಿನಿಧಿಯಾಗಿದ್ದರು. ಆದರೆ ಸೇವೆಯ ಅತ್ಯುನ್ನತ ಶ್ರೇಣಿಗೆ ಬಡ್ತಿಯ ಸರದಿ ಬಂದಾಗ ಅವರನ್ನು ಬಿಟ್ಟು ಕಿರಿಯರನ್ನು ಮೇಲಕ್ಕೆ ಒಯ್ಯಲಾಯಿತು. ಮೂರು ದಶಕಗಳಷ್ಟು ದೇಶದ ಪರವಾಗಿ ವಾದಿಸಿದವರು ಈಗ ತಮ್ಮ ಪರವಾಗಿ ವಾದಿಸಲು ನಿಂತರು. ಹೆಣ್ಣೆಂಬ ಕಾರಣಕ್ಕಾಗಿಯೇ ತಮಗೆ ಅನ್ಯಾಯವಾಗಿದೆಯೆಂದೂ, ಆ ಎರಡು ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದೂ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಬರೆದರು. ನೌಕರಿಯಲ್ಲಿ ಇದ್ದುಕೊಂಡೇ ಬರೆದರೆಂಬುದನ್ನು ವಾಚಕರು ಗಮನಿಸಬೇಕು. ಎದುರಿಗೆ ನಿಂತದ್ದು ತಮಗೆ ಸಂಬಳ ಕೊಡುವ ಭಾರತ ಸರಕಾರವೇ.

ತೀರ್ಪು 1979ರ ಸೆಪ್ಟೆಂಬರ್ 17ರಂದು ಬಂದಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಸಿಂಘಲ್ ಅವರು ವಿಚಾರಣೆ ಮಾಡಿದ್ದರು. ಅರ್ಜಿಯನ್ನು ವಜಾ ಮಾಡಲಾಯಿತೆಂದು ತೀರ್ಪಿನ ಕೊನೆಯಲ್ಲಿದೆ. ಮೊದಲು ಇದನ್ನು ಓದಿ ನಮ್ಮ ಎದೆ ಕುಸಿಯಿತು. ಆದರೆ ಒಳಗಿನ ಸಂಗತಿ ಬೇರೆ. ಅರ್ಜಿಯು ಇನ್ನೂ ವಿಚಾರಣೆಯಲ್ಲಿರುವಾಗಲೇ ಸರಕಾರವು ಅವರಿಗೆ ಬಡ್ತಿ ಕೊಟ್ಟಿತು. ಮದುವೆಯಾದವರಿಗೆ ಹಕ್ಕಿಲ್ಲವೆಂಬ ನಿಯಮವನ್ನು ತೆಗೆದುಹಾಕಲಾಗಿದೆಯೆಂದೂ, ಅಪ್ಪಣೆಯ ನಿಯಮವನ್ನು ತೆಗೆದುಹಾಕುತ್ತಿರುವೆವೆಂದೂ ನ್ಯಾಯಾಲಯಕ್ಕೆ ತಿಳಿಸಿತು. ಗೋಡೆಯೇ ಬಿದ್ದುಹೋದ ಮೇಲೆ ಕೆಡವುವುದೇನಿದೆ? ಆದರೂ ನ್ಯಾಯಮೂರ್ತಿಗಳು ಸುಮ್ಮನಾಗಲಿಲ್ಲ. ಮನೆಯ ಹೊಣೆ ಹೆಂಗಸಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕರ್ತವ್ಯಕ್ಕೂ ಆಗಬಹುದಲ್ಲವೇ ಎಂದು ಕೇಳಿದರು. ಎಲ್ಲ ಕೆಲಸಗಳಲ್ಲಿಯೂ ಗಂಡುಹೆಣ್ಣು ಸಮವೆಂದು ಸಾರಾಸಗಟಾಗಿ ಹೇಳುತ್ತಿಲ್ಲವೆಂಬ ಎಚ್ಚರದ ಮಾತನ್ನೂ ಸೇರಿಸಿದರು. ಆದರೆ ಭೇದಕ್ಕೆ ತಕ್ಕ ಕಾರಣವನ್ನು ತೋರಿಸಲಾಗದ ಕಡೆ ಸಮಾನತೆಯೇ ನಡೆಯಬೇಕೆಂದರು. ಕಿರಿಯರಿಗಿಂತ ಹಿಂದೆ ಬಿದ್ದ ಮುತ್ತಮ್ಮನವರ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸಬೇಕೆಂದು ಆಜ್ಞೆ ಮಾಡಿದರು. ಎಲ್ಲ ಸೇವಾನಿಯಮಗಳಿಂದಲೂ ಈ ಕಲೆಯನ್ನು ತೊಳೆಯಬೇಕೆಂದು, ಹೆಂಗಸರು ಒಬ್ಬೊಬ್ಬರಾಗಿ ನ್ಯಾಯಾಲಯದ ಮೆಟ್ಟಲನ್ನು ಹತ್ತುವವರೆಗೆ ಕಾಯಬಾರದೆಂದು ಸರಕಾರಕ್ಕೆ ತಿಳಿಯಹೇಳಿದರು.

ನಾವು ತಾಳಿಯನ್ನು ಮರೆಮಾಡಿದೆವು; ಅವರು ಅರ್ಜಿಯನ್ನು ಬರೆದರು. ವ್ಯತ್ಯಾಸವು ಇಷ್ಟೇ, ಆದರೆ ಸಣ್ಣದಲ್ಲ. ಅವರಿಗೆ ಮೂವತ್ತು ವರ್ಷದ ಸೇವೆಯ ಬಲವಿತ್ತು, ಕಾನೂನನ್ನು ಬಲ್ಲ ನುಡಿಯಿತ್ತು, ಸಾಕಬೇಕಾದ ತಮ್ಮನಿರಲಿಲ್ಲ ಎಂದು ನಮ್ಮನ್ನು ನಾವು ಸಮಾಧಾನ ಪಡಿಸಿಕೊಳ್ಳಬಹುದು. ಆದರೆ ಅವರೂ ಮೊದಲು ಸಹಿ ಹಾಕಿದವರೇ ಎಂಬುದೇ ನಮಗೆ ಹೆಚ್ಚಿನ ಸಮಾಧಾನವನ್ನು ಕೊಟ್ಟಿತು. ಒಮ್ಮೆ ಬಾಗಿದ ಕತ್ತು ಮುಂದೆಂದೂ ಏಳಬಾರದೆಂಬ ನಿಯಮವೇನೂ ಇಲ್ಲ.

ಕೊನೆಗೆ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ರಾಯಭಾರಿಯಾಗಿದ್ದು ಅವರು 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆಯವರ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯೆಯಾಗಿದ್ದರು. ಆಡಳಿತದ ಕುಂದುಗಳನ್ನು ಕುರಿತ ತಮ್ಮ ಬರಹಗಳನ್ನು ಪುಸ್ತಕವಾಗಿ ತಂದರು. ಇನ್ನೊಬ್ಬ ಕೊಡವ ಮಹಿಳೆಯೊಡನೆ ಸೇರಿ ಕೊಡಗಿನ ಅಡುಗೆಯ ಪುಸ್ತಕವೊಂದನ್ನೂ ಬರೆದರು. ಒಲೆಯ ಹೊಣೆಯು ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯೆಂದು ಅಂಜಿದ ನಿಯಮವನ್ನು ಅಳಿಸಿಹಾಕಿದವರೇ, ಕೆಲಸವೆಲ್ಲ ಮುಗಿದ ಮೇಲೆ ಒಲೆಯ ಮುಂದೆ ಪ್ರೀತಿಯಿಂದ ಕುಳಿತು ಕಡಂಬುಟ್ಟಿನ ಬಗೆಯನ್ನು ಹೇಳಿಕೊಟ್ಟರೆಂಬುದು ನಮಗೆ ಬಲು ಹಿಡಿಸಿತು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ನಿರುಪಮಾ ರಾವ್ ಅವರು ದೇಶದ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಅದಕ್ಕೆ ಎಂಟು ವರ್ಷ ಮೊದಲು, 2001ರಲ್ಲಿ, ಚೋಕಿಲಾ ಅಯ್ಯರ್ ಅವರು ಆ ಸ್ಥಾನಕ್ಕೇರಿದ ಮೊದಲ ಮಹಿಳೆಯಾಗಿದ್ದರು.

ಇಷ್ಟನ್ನೂ ಓದಿಕೊಂಡು, ಸಣ್ಣ ಸಣ್ಣ ವಾಕ್ಯಗಳಾಗಿ ಮಾಡಿಕೊಂಡು, ನಾವು ಮರುವಾರ ತರಗತಿಗೆ ಹೋದೆವು. ಕೇಳಿದ ಹುಡುಗಿಯೇ ಬಂದಿರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ಅವಳ ಮನೆಯನ್ನು ಹುಡುಕಿಕೊಂಡು ಹೋದೆವು. ತಗಡಿನ ಗುಡಿಸಲು. ಅವಳ ತಂದೆಯು ಹಿಂದಿನ ವರ್ಷ ತೀರಿಕೊಂಡಿದ್ದನು. ತಾಯಿಯು ಬಾದಾಮಿಯ ಕಡೆಯವಳು. ಗೌಂಡಿಗಳ ಕೈಕೆಳಗೆ ಕಲ್ಲುಮಣ್ಣು ಹೊರುತ್ತಾಳೆ. ಹುಡುಗಿಯು ಒಂದು ವರ್ಷದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕೋರ, ಬೈಬ್ಯಾಡ್ರಿ. ನಾ ದುಡಿಯಾಕ ಹೋದ್ರ ಈ ಕೂಸಿನ್ನ ನೋಡಾವ್ರು ಯಾರ್ರೀ? ನಾಕನೇತ್ತೆ ತನಕ ಕಲ್ತಾಳಲ್ರಿ, ಸಾಕು ಬಿಡ್ರಿ” ಎಂದಳು ತಾಯಿ.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯು ಹೇಳುತ್ತದೆ. ಅದನ್ನು ಹೇಳಲು ನಾವು ಬಾಯಿ ತೆರೆದೆವು, ಮುಚ್ಚಿದೆವು. ಕಾಯಿದೆಯು ಕೂಸನ್ನು ಎತ್ತಿಕೊಳ್ಳುವುದಿಲ್ಲ. ಅದರ ಬದಲಾಗಿ ಮುತ್ತಮ್ಮನವರ ತಾಯಿಯ ಕಥೆಯನ್ನು ಹೇಳಿದೆವು. ಗಂಡ ತೀರಿಕೊಂಡಾಗ ಮಗಳಿಗೆ ಒಂಬತ್ತೇ ವರ್ಷವೆಂದಾಗ ಆಕೆ ತನ್ನ ಮಗಳ ಕಡೆಗೆ ಒಮ್ಮೆ ನೋಡಿದಳು. ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಮನ್ಯಾಗ ಉಣ್ಣಾಕ ಇತ್ತಲ್ರಿ ಅಕ್ಕೋರ” ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಹೇಳಿದ್ದು ಸತ್ಯ. ಮಡಿಕೇರಿಯ ಆ ದಾರಿಗೂ ಈ ತಗಡಿನ ಮನೆಗೂ ಇರುವ ಅಂತರವನ್ನು ಒಂದು ಕಥೆಯಿಂದ ಮುಚ್ಚಲು ಹೊರಟ ನಮ್ಮ ಅವಸರಕ್ಕೆ ನಮಗೇ ನಾಚಿಕೆಯಾಯಿತು.

ಕೃಷ್ಣನು ಅರ್ಧ ರಾಜ್ಯದಿಂದ ಐದು ಊರಿಗೆ ಇಳಿದಂತೆ ನಾವೂ ಇಳಿದೆವು. “ಕೂಸನ್ನೂ ಕರೆದುಕೊಂಡು ಬರಲಿ. ತರಗತಿಯ ಹಿಂದೆ ಚಾಪೆ ಹಾಸುತ್ತೇವೆ. ವರ್ಷ ಮುಗಿಯುವವರೆಗೆ ನೋಡೋಣ” ಎಂದೆವು. “ಬರದು ಕೊಡ್ಬೇಕೇನ್ರಿ?” ಎಂದು ಆಕೆ ಅಂಜುತ್ತ ಕೇಳಿದಳು. “ಬೇಡವ್ವ, ಏನನ್ನೂ ಬರೆದುಕೊಡಬೇಡ” ಎಂದೆವು. ಆ ಮಾತು ನಮ್ಮ ಬಾಯಿಂದ ಅಷ್ಟು ಜೋರಾಗಿ ಏಕೆ ಬಂದಿತೆಂದು ಆಕೆಗೆ ತಿಳಿದಿರಲಾರದು.

ಈಗ ನಮ್ಮ ತರಗತಿಯ ಹಿಂಭಾಗದಲ್ಲಿ ಒಂದು ಚಾಪೆಯಿದೆ. ಕೂಸು ಒಮ್ಮೊಮ್ಮೆ ಮಗ್ಗಿಯ ನಡುವೆ ಅಳುತ್ತದೆ. ಹುಡುಗಿಯು ಎದ್ದು ಹೋಗಿ, ಅದನ್ನು ತಟ್ಟುತ್ತಲೇ ಉಳಿದ ಮಗ್ಗಿಯನ್ನು ಒಪ್ಪಿಸುತ್ತಾಳೆ. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ದೂರದ ಶಾಲೆಗೆ ಹೋಗಬೇಕು. ಅಲ್ಲಿ ಚಾಪೆ ಹಾಸಿಕೊಡುವವರು ಯಾರೆಂಬುದು ಗೊತ್ತಿಲ್ಲ. ಬೇಸಿಗೆಯ ರಜೆಯಲ್ಲಿ ಆ ಶಾಲೆಗೂ ನಾವೊಮ್ಮೆ ಹೋಗಿ ಮಾತನಾಡಬೇಕಾಗಿದೆ. ಕೃಷ್ಣನ ಸಂಧಾನವು ಮುರಿದುಬಿದ್ದಿತೆಂಬುದನ್ನು ನಾವು ಬಲ್ಲೆವು. ಆದರೂ ಅವನು ಹೋಗದೆ ಇರಲಿಲ್ಲ.

ಹಲಗೆಯ ಮೇಲಿನ ಆ ವಾಕ್ಯವನ್ನು ನಾವು ತಿದ್ದಿದೆವು. “ಮಾತನಾಡುವವನು” ಎಂಬುದನ್ನು ಒರೆಸಿ “ಮಾತನಾಡುವವರು” ಎಂದು ಬರೆದೆವು. ಹುಡುಗಿಯು ಅದನ್ನು ತನ್ನ ಪಾಟಿಯ ಮೇಲೆ ಇಳಿಸಿಕೊಂಡಳು.